ಚಾರ್ಜ್ ಆಗುತ್ತೆ, ಕಂಪ್ಯೂಟರ್‌ಗೆ ಮಾತ್ರ ಕಾಣಲ್ಲ

ನೋಡಿ, ಫೋನ್ ಮೇಲೆ ಮಿಂಚಿನ ಗುರುತು ಬಂದಿದೆ, ಚಾರ್ಜ್ ಆಗುತ್ತಿದೆ. ಕಂಪ್ಯೂಟರ್ ಮಾತ್ರ ತುಟಿ ಪಿಟಕ್ ಅನ್ನುತ್ತಿಲ್ಲ. ಫೋಟೊ ಎಲ್ಲ ಇದಕ್ಕೆ ಬರಬೇಕು, ಎಡಿಟಿಂಗ್ ಅದರ ಮೇಲೆ ನಿಂತಿದೆ.

ಡ್ರೈವರ್ ಹಾಕು, ವಿಂಡೋಸ್ ಅಪ್‌ಡೇಟ್ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಅದೆಲ್ಲ ಆಮೇಲೆ. ಮೊದಲು ಕೇಬಲ್ ಬದಲಿಸಿ. ಹಾಂ, ಸದ್ದು ಕೇಳಿಸಿತಲ್ವಾ? ಫೋನ್ ಸಿಕ್ಕಿತು.

ಈಗ ಆ ಮೊದಲಿನ ಕೇಬಲ್ ವಿಚಾರ. ಇದಕ್ಕೆ 180 ರೂಪಾಯಿ ಕೊಟ್ಟಿದ್ದೇನೆ. ಪ್ಯಾಕೆಟ್ ಮೇಲೆ ‘ಫಾಸ್ಟ್ ಚಾರ್ಜಿಂಗ್’ ಅಂತ ದಪ್ಪ ಅಕ್ಷರ. ಡೇಟಾ ಹೋಗುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ಅದಕ್ಕೇ ಇದನ್ನು ಕತ್ತರಿಸುತ್ತಿದ್ದೇನೆ. ಸಿಪ್ಪೆ ಸುಲಿದರೆ ಒಳಗೆ ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಅಷ್ಟೇ. ಪಕ್ಕದಲ್ಲಿರುವುದು ಹಳೇ ಫೋನ್ ಜೊತೆ ಬಂದಿದ್ದು, ಪಿನ್ ಮುರಿದಿತ್ತು, ಅದನ್ನೂ ಕತ್ತರಿಸಿದೆ. ಇದರಲ್ಲಿ ಕೆಂಪು, ಕಪ್ಪು, ಜೊತೆಗೆ ಹಸಿರು, ಬಿಳಿ. ಕೆಂಪು-ಕಪ್ಪು ಕರೆಂಟಿಗೆ. ಫೈಲ್ ಹೋಗುವುದು ಹಸಿರು-ಬಿಳಿಯಲ್ಲಿ. ಆ ಎರಡೇ ಇಲ್ಲದಿದ್ದರೆ ಯಾವ ಡ್ರೈವರ್ ಹಾಕಿ ಏನು ಪ್ರಯೋಜನ?

ಇಂಥ ಕೇಬಲ್ ಮಾಡುವುದನ್ನೇ ನಿಲ್ಲಿಸಬೇಕು. ಇರಿ, ಹಾಗೂ ಹೇಳುವಂತಿಲ್ಲ. ಬಸ್ ಸ್ಟ್ಯಾಂಡ್, ಏರ್‌ಪೋರ್ಟ್‌ನ ಚಾರ್ಜಿಂಗ್ ಪಾಯಿಂಟಿಗೆ ಹಾಕಲು ಇದೇ ಒಳ್ಳೆಯದು. ಡೇಟಾ ತಂತಿಯೇ ಇಲ್ಲದ ಮೇಲೆ ಆ ದಾರಿಯಲ್ಲಿ ಯಾರೂ ಫೋನಿನೊಳಗೆ ಕೈ ಹಾಕಲು ಆಗುವುದಿಲ್ಲ. ಸರಿ, ಮಾರಲಿ. ಆದರೆ ಬರೆದು ಮಾರಲಿ. ಅದೂ ಕೇಬಲ್ ಮೇಲೆಯೇ ಬರೆಯಲಿ, ಪ್ಯಾಕೆಟ್ ಅವತ್ತೇ ಕಸದ ಬುಟ್ಟಿಗೆ ಹೋಗುತ್ತದೆ. ಫೋನಿನ ಪೋರ್ಟೇ ಹೋಗಿದೆ ಅಂದುಕೊಂಡು ಪಾಪ ಎಷ್ಟೋ ಜನ ರಿಪೇರಿಗೆ ಓಡುತ್ತಾರೆ. ಸುಮ್ನೆ ದುಡ್ಡು ದಂಡ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಫೋನ್‌ನಲ್ಲಿ ಮೇಲಿನಿಂದ ಎಳೆದು ‘ಫೈಲ್ ಟ್ರಾನ್ಸ್‌ಫರ್’ ಒತ್ತಿದೆ, ಕಾಣಿಸಿತಲ್ವಾ? ಫೋಲ್ಡರ್ ಖಾಲಿ ಬಂದರೆ ಗಾಬರಿ ಬೇಡ. ಫೋನ್ ಲಾಕ್ ಆಗಿರುತ್ತದೆ, ತೆಗೆಯಿರಿ.

ಓ, ಯಾಣದ ಫೋಟೊ! ಈ ದೊಡ್ಡ ಬಂಡೆ ಭೈರವೇಶ್ವರ ಶಿಖರ, ಸುಮಾರು 120 ಮೀಟರ್ ಎತ್ತರ. ಇದು ಮೋಹಿನಿ ಶಿಖರ, 90 ಮೀಟರ್. ಕಲ್ಲು ಹೇಗೆ ಕಪ್ಪಗಿದೆ ನೋಡಿ. ಮಳೆಗಾಲದಲ್ಲಿ ಹೋದರೆ ಜಿಗಣೆ ಕಾಟ ಇದೆ, ಸುಣ್ಣ ಜೊತೆಗಿರಲಿ... ಅಯ್ಯೋ, ಕಾಪಿ ಮುಗಿಯಿತು.

ಆದರೆ ಕೊನೆಯಲ್ಲಿ ತೆಗೆದ ಫೋಟೊಗಳು ಬಂದಿಲ್ಲ. ಫೋನ್‌ನಲ್ಲಿವೆ, ಇಲ್ಲಿಲ್ಲ. ಎಂಟಿಪಿ ಅನ್ನುವ ಈ ಪದ್ಧತಿಯಲ್ಲಿ ಕಂಪ್ಯೂಟರ್ ನೇರ ಒಳಗೆ ಹೋಗಿ ನೋಡುವುದಿಲ್ಲ, ಫೋನ್ ಕೊಟ್ಟ ಪಟ್ಟಿಯನ್ನೇ ತೋರಿಸುತ್ತದೆ. ಪಟ್ಟಿ ಹಳೆಯದಾದರೆ ಹೊಸ ಫೋಟೊ ಕಾಣುವುದಿಲ್ಲ. ಕೇಬಲ್ ತೆಗೆದು ಹಾಕಿ. ಆಗಲೂ ಬರದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ. ಬಂತು.

2011ರ ಸುಮಾರಿಗೆ ಆಂಡ್ರಾಯ್ಡ್ ಈ ಕಡೆಗೆ ತಿರುಗಿತು. ಅದಕ್ಕೂ ಮೊದಲು ಫೋನ್ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತಿತ್ತು. ಅದೇ ಚೆನ್ನಾಗಿತ್ತು ಅನ್ನುತ್ತಿದ್ದೆ. ಆದರೆ ಆಗ ಕಂಪ್ಯೂಟರ್‌ಗೆ ಜೋಡಿಸಿದ್ದಷ್ಟು ಹೊತ್ತು ಮೆಮೊರಿ ಕಾರ್ಡು ಫೋನಿಗೇ ಸಿಗುತ್ತಿರಲಿಲ್ಲ. ಒಂದೇ ಕಾರ್ಡಿನ ಮೇಲೆ ಇಬ್ಬರೂ ಒಟ್ಟಿಗೆ ಬರೆದರೆ ಎಲ್ಲ ಹಾಳು. ಹಾಗಾಗಿ ಈಗಿನದೇ ವಾಸಿ ಬಿಡಿ.

ದಿನಾ ಬರುವ ಫೋಟೊಗೆ ಕೇಬಲ್ ಬೇಡ, ಫೋನ್, ಕಂಪ್ಯೂಟರ್ ಎರಡರಲ್ಲೂ ಸಿಂಕ್‌ಥಿಂಗ್ ಅನ್ನುವ ಆ್ಯಪ್ ಇಟ್ಟಿದ್ದೇನೆ. ವೈಫೈ ಮೇಲೆ ಎರಡೂ ಕಡೆಯ ಫೋಲ್ಡರ್ ಒಂದೇ ಥರ ಇಡುತ್ತದೆ. ಸಿಂಕ್ ನಿಂತರೆ ನಾನು ಮೊದಲು ನೋಡುವುದು ಬ್ಯಾಟರಿ ಸೆಟ್ಟಿಂಗ್. ಸ್ಕ್ರೀನ್ ಆಫ್ ಆದ ಮೇಲೆ ಫೋನ್ ಆ್ಯಪ್ ಅನ್ನು ಮಲಗಿಸಿಬಿಡುತ್ತದೆ, ಅದಕ್ಕೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ಫೋನ್ ಗೆಸ್ಟ್ ವೈಫೈಗೆ ಹತ್ತಿದ್ದರೂ ಒಂದಕ್ಕೊಂದು ಕಾಣದೇ ಇರಬಹುದು. ವಿಂಡೋಸ್‌ನಲ್ಲಿ ಮನೆ ವೈಫೈ ‘ಪಬ್ಲಿಕ್’ ಅಂತ ಇದ್ದರೆ ‘ಪ್ರೈವೇಟ್’ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಫೋನ್‌ನಲ್ಲಿ ಅಳಿಸಿದರೆ ಕಂಪ್ಯೂಟರ್‌ನಲ್ಲೂ ಹೋಗುತ್ತದೆ. ಕಂಪ್ಯೂಟರ್ ಕಡೆ ‘ಫೈಲ್ ವರ್ಷನಿಂಗ್’ ಆನ್ ಮಾಡಿದರೆ ಅಳಿಸಿದ್ದರ ಪ್ರತಿ ಅಲ್ಲಿ ಉಳಿಯುತ್ತದೆ. ಮಗುವಿನ ಫೋಟೊ, ಮದುವೆ ಫೋಟೊ ಇದ್ದರೆ ಬೇರೆ ಹಾರ್ಡ್‌ಡಿಸ್ಕ್‌ಗೂ ಒಂದು ಪ್ರತಿ ಹಾಕಿಡಿ.

‘ಅಪ್ ಟು ಡೇಟ್’ ಅಂತ ಬಂತು. ಎಡಿಟಿಂಗ್‌ಗೆ ಕೂರುತ್ತೇನೆ. ಮುಂದಿನ ವಿಡಿಯೊದಲ್ಲಿ ಅಮ್ಮನ ಫೋನ್ ಹಿಡಿದು ಬರುತ್ತೇನೆ, ಅದರಲ್ಲಿ ಜಾಗವೇ ಇಲ್ಲ.