ಲಿಥಿಯಂ ಮಾತ್ರೆಯೂ ಅಡುಗೆಮನೆಯ ಉಪ್ಪೂ

ಕೇಳುಗರಿಗೆ ನಮಸ್ಕಾರ.

ಲಿಥಿಯಂ ಮಾತ್ರೆಯಲ್ಲಿರುವುದು ಒಂದು ಲವಣ. ಸಾರಿಗೆ ಹಾಕುವ ಉಪ್ಪಿನಲ್ಲಿರುವ ಸೋಡಿಯಂಗೆ ಲಿಥಿಯಂ ದಾಯಾದಿ. ಈ ದಾಯಾದಿತನ ನೆನಪಿದ್ದರೆ ಇವತ್ತಿನ ಅರ್ಧ ಮಾತು ತಾನಾಗಿಯೇ ತಿಳಿಯುತ್ತದೆ. 1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್, ಉನ್ಮಾದದ ರೋಗಿಗಳಿಗೆ ಇದನ್ನು ಕೊಟ್ಟು ಕಂಡ ಗುಣವನ್ನು ಬರೆದು ಪ್ರಕಟಿಸಿದರು. ಬೈಪೋಲಾರ್ ಕಾಯಿಲೆಗೆ, ಅಂದರೆ ಒಮ್ಮೆ ಉನ್ಮಾದ ಏರಿ ಇನ್ನೊಮ್ಮೆ ಖಿನ್ನತೆಗೆ ಕುಸಿಯುವ ಕಾಯಿಲೆಗೆ, ಇವತ್ತಿಗೂ ಇದು ಮುಖ್ಯವಾದ ಮದ್ದು. ಆದರೆ ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಒಂದೆರಡು ವಾರ ಬೇಕು.

ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸ್ಟ್ರಿಪ್ಪಿನ ಮೇಲೆ 300 ಅಥವಾ 400 ಮಿಲಿಗ್ರಾಂ ಎಂದು ಬರೆದಿರುವುದಕ್ಕಿಂತ ರಕ್ತದಲ್ಲಿ ಎಷ್ಟಿದೆ ಎಂಬುದೇ ಲೆಕ್ಕ. ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. 1.5 ದಾಟಿದರೆ ಅದೇ ಮದ್ದು ವಿಷ. ಎರಡರ ನಡುವಿನ ಜಾಗ ಇಷ್ಟು ಕಿರಿದಾಗಿರುವುದರಿಂದಲೇ ಪದೇ ಪದೇ ರಕ್ತಪರೀಕ್ಷೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಗಡಿಯಾರದಿಂದ. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿರಿ. ಬೆಳಗಿನ ಮಾತ್ರೆಯೂ ಇದ್ದರೆ ಅದು ಜೇಬಿನಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ. ನುಂಗಿಯೇ ಹೋದರೆ ಅಂಕಿ ಏರಿ ಕಾಣುತ್ತದೆ, ವೈದ್ಯರು ಸುಮ್ಮಸುಮ್ಮನೆ ಡೋಸ್ ಇಳಿಸಿಬಿಡಬಹುದು. ಈ ಒಂದು ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಇಡ್ಲಿ ತಿಂದೇ ಹೋಗಬಹುದು. ಇನ್ನೊಂದು ಸೂಕ್ಷ್ಮ: ರಕ್ತ ತುಂಬುವ ಹಸಿರು ಮುಚ್ಚಳದ ಕೊಳವೆಯಲ್ಲಿ ಹೆಚ್ಚಾಗಿ ಲಿಥಿಯಂ ಹೆಪಾರಿನ್ ಎಂಬ ವಸ್ತುವೇ ಇರುತ್ತದೆ. ಅದರಲ್ಲಿ ಹಿಡಿದರೆ ಕೊಳವೆಯ ಲಿಥಿಯಂ ಕೂಡ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ್ದನ್ನು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಡೋಸ್ ಬದಲಾಯಿಸಿದ ಮೇಲೆ ಐದರಿಂದ ಏಳು ದಿನ ಬಿಟ್ಟು ಪರೀಕ್ಷೆ. ಹದ ಸಿಕ್ಕಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ.

ಇನ್ನು ಉಪ್ಪಿನ ವಿಚಾರ. ಸೋಡಿಯಂ ಯಾವುದು, ಲಿಥಿಯಂ ಯಾವುದು ಎಂದು ಕಿಡ್ನಿ ಸರಿಯಾಗಿ ಬೇರ್ಪಡಿಸುವುದಿಲ್ಲ. ದೇಹದಲ್ಲಿ ಉಪ್ಪು ಕಡಿಮೆಯಾದಾಗ ಉಪ್ಪನ್ನು ಹಿಡಿದಿಡಲು ಹೋಗಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿದಾಗ, ನೀರೂ ಕುಡಿಯದೆ ಏಕಾದಶಿ ಮಾಡಿದಾಗ, ವಾಂತಿ ಭೇದಿಯಾದಾಗ, ಬಿಪಿ ಬಂತೆಂದು ಒಮ್ಮೆಲೇ ಸಪ್ಪೆ ಊಟಕ್ಕೆ ಇಳಿದಾಗ ಆಗುವುದು ಇದೇ. ಮಾತ್ರೆ ಅಷ್ಟೇ, ರಕ್ತದ ಅಂಕಿ ಮಾತ್ರ ಮೇಲೆ. ಹಾಗಾಗಿ ದಿನವೂ ಉಪ್ಪು ಒಂದೇ ಹದದಲ್ಲಿರಲಿ, ಏಕಾಏಕಿ ಏರಿಳಿತ ಬೇಡ. ಕಾಫಿಗೂ ಇದೇ ಮಾತು. ಕಾಫಿ ಲಿಥಿಯಂ ಅನ್ನು ಮೂತ್ರಕ್ಕೆ ತಳ್ಳುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅಂಕಿ ಏರುತ್ತದೆ.

ಬಾಯಾರಿಕೆ ಹೆಚ್ಚಾಗಿ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳಬೇಕಾಗಿ, ಅದಕ್ಕೆಂದೇ ನೀರು ಕುಡಿಯುವುದನ್ನು ಬಿಡುವವರಿದ್ದಾರೆ. ಇದು ತಲೆಕೆಳಗಾದ ಉಪಾಯ. ನೀರು ಕುಡಿಯಿರಿ, ಮೂತ್ರದ ತೊಂದರೆಯನ್ನು ವೈದ್ಯರಿಗೆ ಹೇಳಿ.

ಮೆಡಿಕಲ್ ಶಾಪಿನಲ್ಲೂ ಎಚ್ಚರ ಬೇಕು. ಮಂಡಿನೋವಿಗೆ, ಹಲ್ಲುನೋವಿಗೆ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಲಿಥಿಯಂ ಹೊರಹೋಗದಂತೆ ತಡೆಯುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಕೂಡ ಅದೇ ಗುಂಪು. ಹೊಸ ಮಾತ್ರೆ ಯಾರೇ ಬರೆದುಕೊಡಲಿ, ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲು ಹೇಳಿ.

ಲೋಟ ಎತ್ತುವಾಗ ಬೆರಳು ಸಣ್ಣಗೆ ನಡುಗಿ ಕಾಫಿಯ ಮೇಲೆ ಅಲೆ ಏಳುವುದು ಸಾಮಾನ್ಯ, ಹೆದರಬೇಕಿಲ್ಲ. ಆದರೆ ಕೈ ಒರಟಾಗಿ ಅದುರಿ ಕಾಫಿ ಚೆಲ್ಲಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಜೊತೆಗೆ ವಾಂತಿ, ಮಂಪರು ಇದ್ದರೆ ಮುಂದಿನ ಮಾತ್ರೆ ಕೊಡಬೇಡಿ. ಸ್ಟ್ರಿಪ್ ಹಿಡಿದುಕೊಂಡೇ ಆ ಕ್ಷಣ ಆಸ್ಪತ್ರೆಗೆ ಹೊರಡಿ. ಕುಡಿದಿದ್ದಾನೆಂದು ಮನೆಯವರೇ ತಪ್ಪು ತಿಳಿಯುವುದುಂಟು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿ ಮಾಡಬೇಡಿ. ಬಸಿರಾಗುವ ಆಲೋಚನೆಯಿದ್ದರೆ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯಕ್ಕೆ ಸ್ವಲ್ಪ ಅಪಾಯವಿದೆ.

ಮೊದಲಿನ ಹುರುಪಿಲ್ಲ, ಮನಸ್ಸು ಮಂಕಾಗಿದೆ ಎಂದು ಹಲವರು ಮಾತ್ರೆ ಬಿಟ್ಟುಬಿಡುತ್ತಾರೆ. ದೂರು ನಿಜವಾದದ್ದೇ, ಸೋಮಾರಿತನವೆಂದು ತಳ್ಳಿಹಾಕುವಂಥದ್ದಲ್ಲ. ಥೈರಾಯ್ಡ್ ಇಳಿದಿದ್ದರೂ ಹೀಗಾಗುತ್ತದೆ, ಅದನ್ನು ನೋಡಿಸಿ. ಅಂಕಿ 0.9 ಇದ್ದದ್ದನ್ನು 0.7ಕ್ಕೆ ತಂದರೆ ಹಗುರಾಗುವವರಿದ್ದಾರೆ. ತಟ್ಟನೆ ನಿಲ್ಲಿಸಿದರೆ ಮಾತ್ರ ಉನ್ಮಾದ ಮರುಕಳಿಸುವ ಭಯ ಹೆಚ್ಚು. ನಿಲ್ಲಿಸಲೇಬೇಕೆಂದಾದರೆ ವೈದ್ಯರ ಕಣ್ಣೆದುರಲ್ಲಿ, ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ನಮಸ್ಕಾರ.