ಜಾವಾಸ್ಕ್ರಿಪ್ಟ್ ಬರಲ್ವಾ? ಪೈಥಾನ್ ಒಂದರಲ್ಲೇ ವೆಬ್ ಆ್ಯಪ್ ಕಟ್ಟೋಣ

[ಪರದೆ ಮೇಲೆ: ದಲಾಲಿ ಅಂಗಡಿಯ ಒಂದು ಪಟ್ಟಿ. ಅಂಗಡಿ ಹೆಸರಿನ ಮೇಲೆ ಬಿಳಿ ಕಾಗದ]

ನಮಸ್ಕಾರ. ಈ ಚೀಟಿ ನೋಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಮೇಲೆ ರೈತರ ಕೈಗೆ ಬರುವ ಪಟ್ಟಿ ಇದು. ತೂಕ, ದರ, ಹಮಾಲಿ, ಕೊನೆಗೆ ಕೈಗೆ ಸಿಕ್ಕ ಹಣ. ನಮ್ಮ ಕಾಕಾ ಇಂಥವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿರುತ್ತಾರೆ. ಹೋದ ಸುಗ್ಗಿ ಮುಗಿದಾಗ, "ಡಬ್ಬಿಗೆ ಜಾಸ್ತಿ ಉಳದೈತೋ ಕಡ್ಡಿಗೋ, ಲೆಕ್ಕಾ ಹಾಕಿ ಹೇಳಲೇ ತಮ್ಮಾ" ಅಂದರು. ಡಬ್ಬಿ, ಕಡ್ಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ತಳಿ.

ನನಗೆ ಪೈಥಾನ್ ಬರುತ್ತಿತ್ತು. ಲೆಕ್ಕ ಬೇಗ ಮುಗಿಯಿತು. ಆದರೆ ಅದು ಇದ್ದದ್ದು ಧಾರವಾಡದ ನನ್ನ ರೂಮಿನ ಲ್ಯಾಪ್‌ಟಾಪ್‌ನಲ್ಲಿ. ಕಾಕಾ ತಮ್ಮ ಮೊಬೈಲ್‌ನಲ್ಲಿ ತಾವೇ ಅಂಕಿ ಹಾಕಿ ನೋಡಬೇಕು ಅಂದರೆ ವೆಬ್ ಪುಟ ಕಟ್ಟೋ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲ ಕಲಿಯಲೇಬೇಕು ಅಂದುಕೊಂಡಿದ್ದೆ. ಬೇಕಾಗಲಿಲ್ಲ.

[ಪರದೆ ಮೇಲೆ: ಕೋಡ್, ಎಂಟು ಸಾಲು]

ಇದು ಸ್ಟ್ರೀಮ್‌ಲಿಟ್. 2019ರಲ್ಲಿ ಬಂದ ಪೈಥಾನ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ, ನಾವು ಬಳಸಬಹುದಾದ ಕೋಡ್. ಉಚಿತ. ಪೈಥಾನ್ ಲೈಬ್ರರಿ ತರಿಸುವ ಸಾಧನ ಪಿಪ್, ಅದರಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಿ. 'ನಂಬರ್ ಇನ್‌ಪುಟ್' ಅಂತ ಒಂದು ಸಾಲು ಬರೆದರೆ ಪುಟದಲ್ಲಿ ಅಂಕಿ ತುಂಬುವ ಡಬ್ಬ ಬರುತ್ತದೆ. 'ಸೆಲೆಕ್ಟ್‌ಬಾಕ್ಸ್' ಅಂದರೆ ಡಬ್ಬಿಯೋ ಕಡ್ಡಿಯೋ ಆರಿಸುವ ಪಟ್ಟಿ. ನೋಡಿ, ತೂಕ 4.35 ಕ್ವಿಂಟಲ್, ದರ 18,000 ಹಾಕಿದೆ. 78,300 ಬಂತು. ಹಮಾಲಿ, ತೂಕದ ಖರ್ಚು ಅಂತ 650 ಹಾಕಿದೆ. ಉಳಿದದ್ದು 77,650. ಪುಟ ಚಂದ ಕಾಣಲಿ ಅಂತ ನಾನು ಒಂದು ಸಾಲೂ ಬರೆದಿಲ್ಲ.

ಹಾಗಂತ ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ ಅಂತಲ್ಲ. ಬ್ರೌಸರ್‌ನಲ್ಲಿ ಓಡುವ ಭಾಗವನ್ನು ಸ್ಟ್ರೀಮ್‌ಲಿಟ್ ಮಾಡಿದವರು ಮೊದಲೇ ಬರೆದಿಟ್ಟಿದ್ದಾರೆ. ನೀವು ಅಂಕಿ ಬದಲಿಸಿದ ಕೂಡಲೇ ಅದು ಸರ್ವರ್‌ಗೆ, ಅಂದರೆ ನಿಮ್ಮ ಪೈಥಾನ್ ಓಡುವ ಕಂಪ್ಯೂಟರ್‌ಗೆ ಹೋಗುತ್ತದೆ. ಅಲ್ಲಿ ನಿಮ್ಮ ಪೈಥಾನ್ ಫೈಲ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮತ್ತೆ ಓಡುತ್ತದೆ. ಪ್ರತಿ ಸಲವೂ. ಈ ವಿಡಿಯೋದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ.

ಇದು ಗೊತ್ತಿಲ್ಲದೆ ನಾನು ಎರಡು ದಿನ ಒದ್ದಾಡಿದೆ. ಫೈಲಿನ ಮೇಲ್ಗಡೆ ಒಂದು ಖಾಲಿ ಲಿಸ್ಟ್ ಮಾಡಿದ್ದೆ. 'ಸೇರಿಸು' ಬಟನ್ ಒತ್ತಿದರೆ ಪಟ್ಟಿಯ ಒಂದು ಸಾಲು ಅದಕ್ಕೆ ಸೇರಬೇಕು. ಕಾಕಾ ಮೊದಲನೆಯದು ಹಾಕಿದರು, ಬಂತು. ಎರಡನೆಯದು ಹಾಕಿದರು. "ಅಲ್ಲೋ, ಮೊದಲಿಂದು ಎಲ್ಲಿ ಹೋತು?"

ಎಲ್ಲಿ ಹೋಯಿತು? ಬಟನ್ ಒತ್ತಿದಾಗ ಫೈಲ್ ಮತ್ತೆ ಮೇಲಿನಿಂದ ಓಡಿತು. ಖಾಲಿ ಲಿಸ್ಟ್ ಮಾಡು ಅನ್ನುವ ಸಾಲೂ ಮತ್ತೆ ಓಡಿತು. ಹಳೆಯದು ಅಳಿಸಿ ಹೋಯಿತು, ಹೊಸದೊಂದೇ ಉಳಿಯಿತು. ದರದ ಡಬ್ಬ ಮುಟ್ಟಿದರೆ ಅದೂ ಇಲ್ಲ!

[ಪರದೆ ಮೇಲೆ: ಆ ಸಾಲನ್ನು ಅಳಿಸಿ 'ಸೆಷನ್ ಸ್ಟೇಟ್' ಬರೆಯುವುದು, ನಿಧಾನವಾಗಿ]

ಇದಕ್ಕೆ ಮದ್ದು 'ಸೆಷನ್ ಸ್ಟೇಟ್'. ಫೈಲ್ ಎಷ್ಟು ಸಲ ಓಡಿದರೂ ಇದರಲ್ಲಿ ಇಟ್ಟದ್ದು ಅಳಿಯುವುದಿಲ್ಲ. ಲಿಸ್ಟ್ ಈಗಾಗಲೇ ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಮಾತ್ರ ಖಾಲಿ ಲಿಸ್ಟ್ ಮಾಡಿ. ಎರಡೇ ಸಾಲು. ಆದರೆ ಪುಟ ರಿಫ್ರೆಶ್ ಮಾಡಿದರೆ ಇದೂ ಹೋಗುತ್ತದೆ. ವರ್ಷದ ಲೆಕ್ಕ ಉಳಿಯಬೇಕು ಅಂದರೆ ಡೇಟಾಬೇಸ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಬರೆದಿಡಲೇಬೇಕು. ಇದನ್ನು ಮರೆಯಬೇಡಿ, ದುಡ್ಡಿನ ಲೆಕ್ಕ ಅದು.

ದೊಡ್ಡ ಫೈಲ್ ಓದಿಸುತ್ತಿದ್ದರೆ ಪ್ರತಿ ಕ್ಲಿಕ್‌ಗೂ ಅದನ್ನೇ ಮತ್ತೆ ಓದುತ್ತಾ ಕೂರುತ್ತದೆ. ಅದಕ್ಕೆ 'ಕ್ಯಾಶ್ ಡೇಟಾ' ಇದೆ. ಫೈಲ್ ಓದುವ ಫಂಕ್ಷನ್ ಮೇಲೆ ಒಂದು ಸಾಲು ಹಾಕಿದರೆ ಸಾಕು, ಒಮ್ಮೆ ಓದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ.

ಬೇರೆ ದಾರಿಗಳೂ ಇವೆ. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಇಂಥದ್ದೇ ಶೈನಿ 2012ರಿಂದಲೇ ಇದೆ, ಈಗ ಪೈಥಾನ್‌ಗೂ ಬಂದಿದೆ. ಎಲೆಯ ಫೋಟೋ ಕೊಟ್ಟರೆ ರೋಗ ಹೇಳುವಂಥ ಎಐ ಮಾಡೆಲ್ ಮಾಡಿದ್ದೀರಾ? ತೋರಿಸೋದಕ್ಕೆ ಗ್ರೇಡಿಯೋ ಅನ್ನುವ ಪೈಥಾನ್ ಲೈಬ್ರರಿ ಇನ್ನೂ ಸುಲಭ.

ಇದು ಎಲ್ಲಿ ಸಾಲದು ಅಂತಲೂ ಹೇಳಬೇಕು. ಪ್ರತಿ ಬದಲಾವಣೆಗೂ ಸರ್ವರ್ ಬೇಕು. ಹೊಲದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಇದು ನಡೆಯುವುದಿಲ್ಲ. ಕಾಕಾ ಮನೆಗೆ ಬಂದ ಮೇಲೆಯೇ ಅಂಕಿ ಹಾಕುತ್ತಾರೆ. ಸಾವಿರಾರು ಜನ ಬಳಸುವ ಅಂಗಡಿ ಸೈಟ್ ಕಟ್ಟಬೇಕಾ, ಪ್ರತಿ ಬಟನ್ನೂ ನಿಮ್ಮ ಮನಸ್ಸಿನಂತೆಯೇ ಕಾಣಬೇಕಾ, ಆಗ ಫ್ರಂಟೆಂಡ್, ಅಂದರೆ ಬ್ರೌಸರ್‌ನಲ್ಲಿ ಕಾಣುವ ಭಾಗ ಕಟ್ಟಲು ಬಲ್ಲವರ ಹತ್ತಿರ ಹೋಗಿ. ಅವರ ಕೆಲಸ ಸಣ್ಣದಲ್ಲ.

ನಿಮ್ಮ ಲೆಕ್ಕಕ್ಕೆ ಇಷ್ಟು ಸಾಕು ಅನ್ನಿಸಿದರೆ, ಕೋಡನ್ನು ಗಿಟ್‌ಹಬ್ ಅನ್ನುವ ಕೋಡ್ ಇಡುವ ಸೈಟ್‌ಗೆ ಹಾಕಿ, ಆ್ಯಪ್ ಓಡಿಸುವ ಸ್ಟ್ರೀಮ್‌ಲಿಟ್ ಕಮ್ಯುನಿಟಿ ಕ್ಲೌಡ್‌ಗೆ ಜೋಡಿಸಿ. ದುಡ್ಡು ಕೊಡಬೇಕಿಲ್ಲ, ಒಂದು ಲಿಂಕ್ ಸಿಗುತ್ತದೆ. ಪಾಸ್‌ವರ್ಡ್‌ಗಳನ್ನು ಮಾತ್ರ ಕೋಡ್ ಒಳಗೆ ಬರೆಯಬೇಡಿ, ಅದಕ್ಕೆ 'ಸೀಕ್ರೆಟ್ಸ್' ಅಂತ ಬೇರೆ ಜಾಗವಿದೆ.

[ಪರದೆ ಮೇಲೆ: ಮೊಬೈಲ್‌ನಲ್ಲಿ ಆ್ಯಪ್]

ಲಿಂಕನ್ನು ಕಾಕಾಗೆ ವಾಟ್ಸಾಪ್ ಮಾಡಿದೆ. ಚೀಲ ಬಿಚ್ಚಿ, ಒಂದೊಂದೇ ಪಟ್ಟಿ ನೋಡಿ ತಾವೇ ತುಂಬಿದರು. ಈಗ ಗೊಬ್ಬರ, ಔಷಧಿ, ಆಳಿನ ಖರ್ಚಿಗೂ ಡಬ್ಬ ಮಾಡಿಕೊಡು ಅಂತ ಕೇಳಿದ್ದಾರೆ. ಮುಂದಿನ ವಿಡಿಯೋದಲ್ಲಿ ಅದನ್ನು ಸೇರಿಸಿ, ಶೀಟ್‌ಗೆ ಜೋಡಿಸೋಣ.