ಕೀಲಿ ಯಾರ ಜೇಬಿನಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಪೀಣ್ಯದ ಒಂದು ಸಣ್ಣ ಶೆಡ್ಡು. ಅಲ್ಲಿ ತಗಡು ಒತ್ತುವ ಯಂತ್ರಕ್ಕೆ, ಅಂದರೆ ಪವರ್ ಪ್ರೆಸ್‌ಗೆ, ಸುರಕ್ಷಿತ ಕೆಲಸದ ಕ್ರಮ ಬರೆಯುವುದು ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಕೂತು ಹನ್ನೆರಡು ಸಾಲು ಬರೆದೆ. ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿದೆ. ಐದನೇ ಸಾಲು ಹೀಗಿತ್ತು: ‘ತಗಡು ಸಿಕ್ಕಿಕೊಂಡರೆ ಸ್ವಿಚ್ ಆಫ್ ಮಾಡಿ ತೆಗೆಯಿರಿ.’

ಹಿರಿಯ ಆಪರೇಟರ್ ಒಬ್ಬರು ಅದನ್ನು ಓದಿದರು. “ಸಾರ್, ಸ್ವಿಚ್ ಆಫ್ ಮಾಡಿದ್ರೆ ಸಾಕಾ? ಇಲ್ಲಿ ನೋಡಿ” ಅಂದರು. ಸ್ವಿಚ್ ಒತ್ತಿದರು. ಮೋಟರಿನ ಸದ್ದು ನಿಂತಿತು. ಆದರೆ ಅದರ ಭಾರದ ಚಕ್ರ, ಫ್ಲೈವೀಲ್, ಸುತ್ತುತ್ತಲೇ ಇತ್ತು. ಯಾರ ಕೈಯೂ ಹತ್ತಿರ ಇಲ್ಲ ಅಂತ ನೋಡಿಕೊಂಡು ಪೆಡಲ್ ತುಳಿದರು. ಕರೆಂಟಿಲ್ಲದ ಪ್ರೆಸ್ಸಿನ ಮೇಲಿನ ಡೈ, ಅಂದರೆ ತಗಡು ಒತ್ತುವ ಅಚ್ಚು, ಆ ಚಕ್ರದ ಬಲಕ್ಕೇ ಧಡ್ ಅಂತ ಕೆಳಗೆ ಬಿತ್ತು.

ನನ್ನ ಎದೆ ಝಲ್ ಅಂತು. ನಾನು ಬರೆದ ಸಾಲನ್ನು ನಂಬಿ ಯಾರಾದರೂ ಅಲ್ಲಿ ಕೈ ಹಾಕಿದ್ದರೆ?

ಆ ಹಾಳೆ ಕಿತ್ತೆ. ಎರಡು ದಿನ ಮೆಷಿನ್ ಪಕ್ಕದಲ್ಲೇ ನಿಂತು, ಅವರನ್ನು ಕೇಳಿ ಕೇಳಿ ಬರೆದೆ. ಮೋಟರ್ ನಿಲ್ಲಿಸಿ. ಫ್ಲೈವೀಲ್ ಪೂರ್ತಿ ನಿಲ್ಲುವವರೆಗೂ ಕಾಯಿರಿ. ಮೇನ್ ಸ್ವಿಚ್‌ಗೆ ಬೀಗ ಹಾಕಿ. ಪ್ರೆಸ್ಸಿನೊಳಗೆ ಕೈ ಹಾಕುವವರ ಜೇಬಿನಲ್ಲೇ ಕೀಲಿ ಇರಲಿ, ಸೂಪರ್‌ವೈಸರ್ ಹತ್ತಿರ ಬೇಡ. ಮೇಲಿನ ಡೈ ಇಳಿಯದಂತೆ ಗಟ್ಟಿ ಆಸರೆ ಕೊಡಿ. ಆಮೇಲೆ ಇಕ್ಕಳದಿಂದ ತಗಡು ತೆಗೆಯಿರಿ. ಬಿಚ್ಚಿದ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ಇರುವ ತಡೆ, ಮತ್ತೆ ಕೂರಿಸಿದ ಮೇಲೇ ಬೀಗ ತೆಗೆಯಿರಿ.

ಗಾರ್ಡ್ ವಿಷಯ ಬಂತಲ್ಲ, ಒಂದು ಮಾತು. ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳಿತ್ತು. ಗಾರ್ಡ್ ಕೊಡಿಸದೆ ‘ಹುಷಾರಾಗಿರಿ’ ಅಂತ ಹಾಳೆ ಅಂಟಿಸುವುದು ತಪ್ಪು. ಕಾಗದ ಬೆರಳು ಉಳಿಸುವುದಿಲ್ಲ.

‘ಸೂಕ್ತ ಎಚ್ಚರಿಕೆ ವಹಿಸಿ’ ಅಂತ ಸುಮ್ನೆ ಬರೆಯಬೇಡಿ. ಅದನ್ನು ಓದಿದವನು ಕೈಯಿಂದ ಏನು ಮಾಡಬೇಕು ಹೇಳಿ? ಒಂದು ಸಾಲಿಗೆ ಒಂದೇ ಕೆಲಸ ಇರಲಿ. ನಮ್ಮ ಶೆಡ್ಡುಗಳಲ್ಲಿ ರಾಯಚೂರಿನವರೂ ಇದ್ದಾರೆ, ಬಿಹಾರ, ಒಡಿಶಾದವರೂ ಇದ್ದಾರೆ. ಕನ್ನಡದ ಜೊತೆ ಹಿಂದಿಯಲ್ಲೂ ಬರೆಯಿರಿ. ಓದು ಬಾರದವರಿಗಾಗಿ ಅದೇ ಮೆಷಿನ್ನಿನ ಫೋಟೋ ಹಾಕಿ. ಬೇರೆ ಮೆಷಿನ್ನಿನ ಚಿತ್ರ ಹಾಕಿದರೆ ಗೊಂದಲ ಜಾಸ್ತಿ ಆಗುತ್ತೆ, ಅಲ್ವಾ?

ಬರೆದಾದ ಮೇಲೆ ಹೊಸ ಹೆಲ್ಪರ್ ಕೈಗೆ ಹಾಳೆ ಕೊಡಿ. ಬೀಗ ಹಾಕಿದ ಪ್ರೆಸ್ ಮುಂದೆ ನಿಲ್ಲಿಸಿ, ಒಂದೊಂದೇ ಸಾಲು ಮಾಡಿ ತೋರಿಸಲು ಹೇಳಿ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಸಾಲು ತಿದ್ದಿ.

ನನ್ನ ಎರಡನೇ ಹಾಳೆಯನ್ನು ಆ ಹಿರಿಯರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಸರಿಯಾಗಿದೆ ಸಾರ್. ಅಕ್ಷರ ಮಾತ್ರ ಇನ್ನೂ ದಪ್ಪ ಮಾಡಿಸಿ, ರಾತ್ರಿ ಶಿಫ್ಟಲ್ಲಿ ಕಾಣಲ್ಲ” ಅಂದರು. ಮಾರನೇ ದಿನ ಮಾಡಿಸಿ ತಂದೆ.

ನಮಸ್ಕಾರ.